ಬದಾಮಿನ ಹತ್ತು

ಮದುವೆಯಾಗಿ ಮ್ಹಾಪಸಾಕ್ಕೆ ಬಂದ ಮೊದಲ ವರ್ಷ ನಾನು ದಿನಕ್ಕೆ ಇಪ್ಪತ್ತು ಮಾತು ಆಡಿದ್ದರೆ ಹೆಚ್ಚು. ತವರಿನಲ್ಲಿ ನನ್ನ ಬಾಯಿ ಮುಚ್ಚಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಇಲ್ಲಿ ಕೆಳಗೆ ಸ್ಟೀಲು ಪಾತ್ರೆಗಳ ಅಂಗಡಿ, ಮೇಲೆ ಮನೆ, ಸುತ್ತಲೂ ಕೊಂಕಣಿ. ಪಕ್ಕದ ಮನೆಯಾಕೆ ಮಾತಾಡಿಸಿದರೆ ಹಲ್ಲು ಕಿಸಿಯುವುದೊಂದೇ ನನಗೆ ಬರುತ್ತಿದ್ದ ಉತ್ತರ. ಮನೆಗೆಲ್ಲ ಒಂದೇ ಮೊಬೈಲು, ಅದೂ ಗಂಡನ ಜೇಬಿನಲ್ಲಿ. ಅವ್ವನ ಜೊತೆ ವಾರಕ್ಕೊಮ್ಮೆ ಎಲ್ಲರ ಎದುರಿಗೆ ಮಾತು. ಊಟ ಆಯಿತೇ, ಮಳೆ ಬಂತೇ, ಅಷ್ಟೇ.

ಮಾವನವರಂತೂ ನನ್ನೊಡನೆ ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ಬೆಳಗಾವಿ ಕಡೆಯ ಹಳೇ ವ್ಯಾಪಾರಸ್ಥರ ಮನೆ. ಸೊಸೆ ಮಾವನ ಎದುರು ಕೂಡುವಂತಿಲ್ಲ, ಮಾವ ಸೊಸೆಯ ಮುಖ ನೋಡಿ ಕೇಳುವಂತಿಲ್ಲ. ನೀರು ಬೇಕಾದರೆ ಅವರು ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ನಾನು ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮೈಯೆಲ್ಲ ಉರಿಯುತ್ತಿತ್ತು, ರಾತ್ರಿ ಅದೇ ಅಳುವಾಗುತ್ತಿತ್ತು.

ಮ್ಹಾಪಸಾದಲ್ಲಿ ಮಧ್ಯಾಹ್ನ ಒಂದಕ್ಕೆ ಶಟರು ಇಳಿದರೆ ಮತ್ತೆ ಏಳುವುದು ನಾಲ್ಕಕ್ಕೆ. ಊರೆಲ್ಲ ಮಲಗಿದಾಗ ನಮ್ಮ ಮನೆಯಲ್ಲಿ ಚಾಪೆ ಹಾಸಿ ಇಸ್ಪೀಟು ಎಲೆ ಹಂಚುತ್ತಿದ್ದರು. ಆಟ ಮೆಂಡಿಕೋಟ. ನಾಲ್ವರು ಆಡಬೇಕು, ಇಬ್ಬಿಬ್ಬರು ಜೋಡಿ, ಜೋಡಿಯವರು ಎದುರುಬದುರು ಕೂಡಬೇಕು. ಸುತ್ತಿನಲ್ಲಿ ದೊಡ್ಡ ಎಲೆ ಒಗೆದವರಿಗೆ ಬಿದ್ದ ಎಲೆಗಳೆಲ್ಲ; ನಾಲ್ಕು ಜಾತಿಯ ನಾಲ್ಕು ಹತ್ತುಗಳಲ್ಲಿ ಮೂರನ್ನು ಗೆದ್ದವರಿಗೆ ಆಟ. ಮಾವ ಅತ್ತೆ ಒಂದು ಜೋಡಿ, ನನ್ನ ಗಂಡ ಮತ್ತು ಮೈದುನ ಇನ್ನೊಂದು. ಆ ಮನೆಯ ನಗು, ಜಗಳ, ಚೇಷ್ಟೆ ಎಲ್ಲ ಆ ಚಾಪೆಯ ಮೇಲೆಯೇ. ಐದನೆಯವಳಾದ ನಾನು ಅತ್ತೆಯ ಬೆನ್ನ ಹಿಂದೆ ಕೂತು ಶೇಂಗಾ ಸುಲಿಯುತ್ತ ಅವರ ಕೈಯ ಎಲೆ ನೋಡುತ್ತಿದ್ದೆ. ನೋಡಿ ನೋಡಿಯೇ ಆಟ ಅಷ್ಟಿಷ್ಟು ತಲೆಗೆ ಹತ್ತಿತು.

ಎರಡನೇ ಮಳೆಗಾಲದಲ್ಲಿ ಅತ್ತೆಯ ತಾಯಿ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಳ್ಳಲೆಂದು ಅತ್ತೆ ಬೆಳಗಾವಿಗೆ ಹೋದರು. ಎರಡು ದಿನ ಗಂಡಸರು ಮೂವರೂ ಮುಖ ಸಪ್ಪಗೆ ಮಾಡಿಕೊಂಡು ಮಲಗಿದರು. ಮೂರನೇ ದಿನ ಮಾವನವರು ಫ್ಯಾನು ನೋಡುತ್ತ, ಅಕಿಗೆ ಆಟ ಬರುತ್ತದೇನು ಕೇಳು ಎಂದು ಮಗನಿಗೆ ಹೇಳಿದರು. ಗಂಡ ಬಾಯಿ ತೆರೆಯುವ ಮೊದಲೇ ನಾನು, ಬರತೈತ್ರಿ ಎಂದುಬಿಟ್ಟೆ. ಮಾವನವರು ಗಂಟಲು ಸರಿಮಾಡಿಕೊಂಡರು, ಬೈಯಲಿಲ್ಲ. ನಾನು ಸೆರಗು ಎಳೆದುಕೊಂಡು, ತಲೆ ತಗ್ಗಿಸಿ, ಅವರೆದುರು ಕೂತೆ.

“ಎಲಿ ಕೈಯಾಗ ಇರೂತನಕ ನೀ ಸೊಸಿ ಅಲ್ಲವ್ವಾ, ಜೋಡಿ,” ಎಂದರು. “ಮುಖಾ ನೋಡಿ ಆಡು.”

ನೋಡಿದ್ದು ಬೇರೆ, ಆಡುವುದು ಬೇರೆ. ಮೊದಲ ವಾರ ಸಿಕ್ಕಸಿಕ್ಕಲ್ಲಿ ಹತ್ತು ಒಗೆದು ಬೈಸಿಕೊಂಡೆ. ಎದುರಾಳಿಗಳು ಎಕ್ಕ ಒಗೆದಾಗ ಸಣ್ಣ ಎಲೆ ಕೊಟ್ಟು ಹತ್ತನ್ನು ಉಳಿಸಿಕೊಳ್ಳಬೇಕೆಂದು ಮಾವನವರು ದಿನಾ ಹೇಳಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟವಳು ಇನ್ನೊಬ್ಬಳಿರಲಿಕ್ಕಿಲ್ಲ. ಯಾರೋ ಒಬ್ಬರು ನನ್ನನ್ನೇ ನೋಡಿ ಬೈಯುತ್ತಿದ್ದರಲ್ಲ! ತಿಂಗಳೊಳಗೆ ನಾವಿಬ್ಬರೂ ಅಣ್ಣತಮ್ಮಂದಿರ ಸೊಕ್ಕು ಮುರಿದೆವು. ಶಟರು ಎದ್ದ ಮೇಲೆ ನಾನು ಮತ್ತೆ ಸೊಸೆಯೇ, ಮತ್ತೆ ಮೂಕಿಯೇ. ಆದರೂ ಬೆಳಿಗ್ಗೆ ಏಳುವಾಗ ಮಧ್ಯಾಹ್ನದ ಆಸೆಯಿರುತ್ತಿತ್ತು.

ಮೂರು ತಿಂಗಳ ಮೇಲೆ ಅತ್ತೆ ಬಂದರು. ಊಟವಾಗಿ ಕೈ ಒರೆಸುತ್ತ ಚಾಪೆಯ ಹತ್ತಿರ ಬರುವಷ್ಟರಲ್ಲಿ ಮಾವನವರು ರೂಢಿಯಂತೆ ನನಗೆ ಎಲೆ ಹಂಚಿಬಿಟ್ಟಿದ್ದರು. ಇಕಿ ಭಾಳ ಚಲೋ ಆಡ್ತಾಳ, ಇವತ್ತೊಂದಿನ ನೋಡು ಎಂದರು. ಅತ್ತೆ ನಕ್ಕು ನನ್ನ ಹಿಂದೆ ಕೂತರು. ಆ ಒಂದು ದಿನ ಹತ್ತು ದಿನವಾಯಿತು. ಆಮೇಲೆ ಅತ್ತೆ ತಲೆನೋವೆಂದು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ನಿದ್ದೆಯಿಲ್ಲವೆಂಬುದು ಬಳೆಯ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಅವರೂ ನನ್ನಂತೆ ಮದುವೆಯಾಗಿ ಈ ಊರಿಗೆ ಬಂದವರು. ಇಷ್ಟು ವರ್ಷವಾದರೂ ಅವರನ್ನು ಕೂಗಿ ಮಾತಾಡಿಸುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಅವರಿಗೂ ಇದ್ದದ್ದು ಆ ಚಾಪೆಯೊಂದೇ.

ಗೊತ್ತಿದ್ದೂ ನಾನು ಏಳಲಿಲ್ಲ. ಖರೇ ಹೇಳುತ್ತೇನೆ, ನನಗೆ ಆ ಜಾಗ ಬೇಕಾಗಿತ್ತು. ನಾಳೆ ಬಿಟ್ಟರಾಯಿತು ಎಂದು ದಿನ ತಳ್ಳಿದೆ. ಒಮ್ಮೆ ಕೆಲಸವಿದೆಯೆಂದು ಅಡುಗೆಮನೆಯಲ್ಲೇ ಉಳಿದರೆ ಮಾವನವರು ಮೈದುನನನ್ನು ಕಳಿಸಿ ಕರೆಸಿದರು. ಗೆಲುವಿನ ರುಚಿ ಹತ್ತಿತ್ತು ಅವರಿಗೆ.

ಕೊನೆಗೊಂದು ದಿನ ಬದಾಮೇ, ಅಂದರೆ ಕೆಂಪು ಹೃದಯದ ಜಾತಿಯೇ, ಉಳಿದೆಲ್ಲವನ್ನೂ ಹೊಡೆಯುವ ಹುಕುಂ ಆಗಿತ್ತು. ಅದರ ಎಕ್ಕ ಬಿದ್ದರೆ ಯಾರ ಆಟವೂ ನಡೆಯುವುದಿಲ್ಲ. ಅಣ್ಣತಮ್ಮಂದಿರು ಆಗಲೇ ಎರಡು ಹತ್ತು ಗೆದ್ದಿದ್ದರು. ನನ್ನ ಕೈಯಲ್ಲಿ ಬದಾಮಿನ ಎರಡು, ನಾಲ್ಕು ಮತ್ತು ಹತ್ತು. ಅತ್ತೆ ನೀರು ಕುಡಿಯಲು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಗಂಡ ಬದಾಮಿನ ಎಕ್ಕ ಒಗೆದ. ನಾನು ಹತ್ತು ಒಗೆದೆ.

ಮೈದುನ ಹೋ ಎಂದು ನಕ್ಕ. ಮಾವನವರು ಎಲೆ ಕೆಳಗೆ ಚೆಲ್ಲಿ, ಕಲಿಸಿದ್ದೆಲ್ಲಾ ನೀರಾಗ ಹೋತಲ್ಲವ್ವಾ ಎಂದರು. ನಾನು ಎದ್ದು, ನೀವು ಕೂಡ್ರಿ ಅತ್ತಿ ಎಂದು ಉಳಿದ ಎಲೆಗಳನ್ನು ಅವರ ಕೈಗೆ ಕೊಟ್ಟೆ. ಅತ್ತೆ ಅವುಗಳನ್ನು ನೋಡಿದರು. ಬದಾಮಿನ ಎರಡು ಅಲ್ಲೇ ಇತ್ತು, ನಾಲ್ಕೂ ಇತ್ತು. ನನ್ನ ಮುಖ ನೋಡಿದರು. ನೋಡಲೆಂದು ಗಂಡ ಕೈ ಚಾಚುವ ಮೊದಲೇ ಆ ಎಲೆಗಳನ್ನು ಕಟ್ಟಿನಲ್ಲಿ ಸೇರಿಸಿ ಕಲೆಸಿಬಿಟ್ಟರು.

“ಅಕಿಗೆ ಇನ್ನೂ ಆಟಾ ಬರಂಗಿಲ್ಲ, ಬಿಡ್ರಿ,” ಎನ್ನುತ್ತ ನನ್ನ ಜಾಗದಲ್ಲಿ ಕೂತರು.

“ಹೌದ್ರಿ,” ಎಂದೆ ನಾನು. “ಬರಂಗಿಲ್ಲ.”