ಫ್ಯೂಸ್ ಇದ್ದ ಜೇಬು

ಗೆಳೆಯರೇ, ಇವತ್ತು ತುಮಕೂರಿನ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ತರಗತಿಗೆ ಯಂತ್ರಗಳ ಸ್ಥಿತಿ ಬದಲಾವಣೆಯ ಪಾಠ ಮಾಡುತ್ತಿದ್ದೆ. ತೋಟದ ಮೋಟರಿನ ಉದಾಹರಣೆ ಕೊಟ್ಟು ಬೋರ್ಡಿನ ಮೇಲೆ ಎರಡು ವೃತ್ತ ಬರೆದೆ: ‘ನಿಂತಿದೆ’, ‘ಓಡುತ್ತಿದೆ’. “ವೃತ್ತ ಅಂದ್ರೆ ಸ್ಥಿತಿ, ಬಾಣ ಅಂದ್ರೆ ಬದಲಾವಣೆ. ಹಸಿರು ಬಟನ್ ಒತ್ತಿದ್ರೆ ಓಡುತ್ತೆ, ಕೆಂಪು ಒತ್ತಿದ್ರೆ ನಿಲ್ಲುತ್ತೆ.”

ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಕೇಳಿದಳು, “ಸ್ಟಾರ್ಟರನ್ನ ಆಟೋಗೆ ಹಾಕಿದ್ರೆ ಕರೆಂಟ್ ಬಂದ ತಕ್ಷಣ ತಾನೇ ಓಡುತ್ತಲ್ವಾ ಮೇಡಂ?”

ನಮ್ಮ ಮೋಟರೂ ಆಟೋದಲ್ಲೇ ಇರುವುದು. ಗುಬ್ಬಿಯ ತೋಟದಲ್ಲಿ ತಮ್ಮ ಅದೇ ಹೊತ್ತಿಗೆ, ಕರೆಂಟ್ ಇಲ್ಲದ್ದು ನೋಡಿ, ರಿಪೇರಿಗೆಂದು ಮೋಟರಿನ ವೈರ್ ಬಿಚ್ಚುತ್ತಿದ್ದ. ಅಲ್ಲೇ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದಾಗ ಎತ್ತಿದ.

“ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡಿದೀನಿ ಕಣಕ್ಕ. ನೀನು ಪಾಠ ಮಾಡು.”

‘ಫ್ಯೂಸ್ ತಮ್ಮನ ಜೇಬಿನಲ್ಲಿದೆ’ ಎಂದು ಮೂರನೇ ವೃತ್ತ ಬರೆದೆ. ಕರೆಂಟ್ ಬಂದರೂ ಮೋಟರ್ ಓಡದಂತೆ, ಅಲ್ಲಿಂದ ಹೊರಗೆ ಒಂದು ಬಾಣವನ್ನೂ ಹಾಕಲಿಲ್ಲ. ಹೊರದಾರಿ ಇಲ್ಲದ ಚಿತ್ರ ತಪ್ಪು ಎನ್ನುವವರು ಕರೆಂಟ್ ಬರುವ ಹೊತ್ತಿಗೆ ಬಂದು ವೈರ್ ಬಿಚ್ಚಲಿ.