ಹಚ್ಚೆಯ ನಡುವಿನ ಚುಕ್ಕಿ

೧೯೮೧ರಲ್ಲಿ ನನ್ನ ಓದು ನಿಂತಿತು. ಎಂಟನೆಯ ತರಗತಿಯ ನಡುವೆ ಅಪ್ಪ ತೀರಿಕೊಂಡ. ಪುಸ್ತಕ ಹೊರುತ್ತಿದ್ದ ಹೆಗಲಿಗೆ ಕ್ಯಾರೆಟ್ ಮೂಟೆ ಬಂತು. ಅದಕ್ಕೆ ನಾನು ಅತ್ತವನಲ್ಲ. ಗಡಿಯಾಚೆಯ ಬೆಟ್ಟದ ಮೇಲೆ, ತುಮ್ಮನಟ್ಟಿಯ ನಮ್ಮ ಹೊಲದಲ್ಲಿ ಬೆಳೆದದ್ದನ್ನು ನಾನೇ ತೊಳೆದು, ನಾನೇ ಲಾರಿಗೆ ತುಂಬಿ, ಮೈಸೂರಿನ ಮಂಡಿಯಲ್ಲಿ ನಾನೇ ಇಳಿಸುತ್ತಿದ್ದೆ. ನಮ್ಮೂರ ಶಾಲೆಯಲ್ಲಿ ಕನ್ನಡ ಇರಲಿಲ್ಲ; ನಾಲ್ಕಕ್ಷರ ಕನ್ನಡ ಬರೆಯಲು ಕಲಿತದ್ದೂ ಆ ಮಂಡಿಯಲ್ಲೇ. ಯಾರ ಮನೆಯ ಬಾಗಿಲಿಗೂ ಕೈಚಾಚಿ ಹೋಗಲಿಲ್ಲ.

ಅವ್ವೆಯ ಬಲ ಮುಂಗೈ ಮೇಲೆ ಹಚ್ಚೆ ಇತ್ತು. ನಮ್ಮಲ್ಲಿ ಆಗಿನ ಹೆಣ್ಣುಮಕ್ಕಳಿಗೆಲ್ಲ ಇತ್ತು. ಮದುವೆಗೆ ಮುಂಚೆ ಮುಳ್ಳಿನಿಂದ ಚುಚ್ಚಿ, ದೀಪದ ಮಸಿ ತಿಕ್ಕಿ ಹಾಕುತ್ತಿದ್ದರಂತೆ. ಒಂದು ಬಳೆಯಷ್ಟು ದೊಡ್ಡ ಸುತ್ತು, ಅದರ ಒಳಗೂ ಹೊರಗೂ ಚುಕ್ಕಿಗಳು. ಆ ಚುಕ್ಕಿಗಳನ್ನು ಯಾರೂ ಎಣಿಸಿರಲಿಲ್ಲ. ದಿನಾ ಕಣ್ಣೆದುರಿಗೇ ಇರುವುದನ್ನು ಯಾರು ಎಣಿಸುತ್ತಾರೆ?

ಒಂದು ದಿನ ಕ್ಯಾರೆಟ್ ತೊಳೆಯುವಾಗ ಆ ಕೈಯಿಂದ ರಕ್ತ ಒಸರಿತು. ನನ್ನ ಹೆಂಡತಿ ಹತ್ತಿರ ಹೋಗಿ ನೋಡಿದಳು.

"ಮಾಮಿ, ಈ ಚುಕ್ಕಿ ಇಷ್ಟು ದಪ್ಪ ಇತ್ತಾ?"

"ನನ ಕೈ ಸೊರಗಿತು, ಚುಕ್ಕಿ ದಪ್ಪ ಕಾಣುತ್ತೆ. ನೀ ನೀರು ಹಾಕು," ಎಂದಳು ಅವ್ವೆ.

ನಮಗೂ ಅದು ಸರಿ ಎನ್ನಿಸಿತು. ಹಚ್ಚೆ ವಯಸ್ಸಾದಂತೆ ಹರಡುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುವುದೇ. ಆದರೆ ಒಸರು ನಿಲ್ಲಲಿಲ್ಲ. ಕೊನೆಗೆ ಲೋಡು ಇಳಿಸಲು ಹೋಗುವಾಗ ಅವಳನ್ನೂ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಮೈಸೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಗ ೨೦೦೬.

ಡಾಕ್ಟರು ಅವಳ ಕೈಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟರು. ಸುತ್ತ ದೀಪವಿದ್ದ ಸಣ್ಣ ಕ್ಯಾಮೆರಾವನ್ನು ಅದರ ಮೇಲೆ ಒತ್ತಿ ಹಿಡಿದರು. ಅದರ ವೈರು ಕಂಪ್ಯೂಟರಿಗೆ ಹೋಗಿತ್ತು. ಪರದೆಯ ಮೇಲೆ ಅವ್ವೆಯ ಚರ್ಮ ಉತ್ತ ಹೊಲದಂತೆ ಕಂಡಿತು. ಗೆರೆಗಳು, ಕುಳಿಗಳು, ಮರದಂತೆ ಎದ್ದು ನಿಂತ ರೋಮಗಳು.

"ಏನ ಮಗಾ, ನನ ಕೈಲಿ ಕ್ಯಾರೆಟ್ ಹಾಕ್ತಾರಾ?" ಎಂದಳು ಅವ್ವೆ. ಡಾಕ್ಟರು ನಕ್ಕರು. ಚುಕ್ಕಿಯಿಂದ ಚುಕ್ಕಿಗೆ ಕ್ಯಾಮೆರಾ ಸರಿಸುತ್ತಾ ಹೋದಂತೆ ಆ ನಗು ನಿಂತಿತು.

"ನೋಡಿ, ಇವೆಲ್ಲ ಮಸಿ. ನೀಲಿ, ಒಂದೇ ಬಣ್ಣ. ಒಳಗೆ ಸುಮ್ಮನೆ ಕೂತಿದೆ." ಕ್ಯಾಮೆರಾ ಆ ದಪ್ಪ ಚುಕ್ಕಿಗೆ ಬಂತು. "ಇದು ಮಸಿ ಅಲ್ಲ. ಕಂದು, ಬೂದಿ, ಕೆಂಪು, ಎಲ್ಲ ಇದೆ. ಅಂಚು ಹರಿದುಹೋಗಿದೆ. ನಮ್ಮಂಥ ಮೈಬಣ್ಣದವರಿಗೆ ಈ ಥರದ ಚರ್ಮದ ಕ್ಯಾನ್ಸರ್ ಬರೋದು ಅಪರೂಪ. ಬಂದರೆ ಬಿಡೋದಿಲ್ಲ."

ಚುಕ್ಕಿಯ ಪಕ್ಕ ಸಣ್ಣ ಅಳತೆಪಟ್ಟಿ ಇಟ್ಟು ಪಟ ತೆಗೆದರು. ಕಂಪ್ಯೂಟರು ಅದರ ಅಂಚಿನುದ್ದಕ್ಕೂ ಹಸಿರು ಗೆರೆ ಎಳೆದು ಅಗಲ ಹೇಳಿತು. ಸುತ್ತಲಿನ ಹಚ್ಚೆಯ ಸಮೇತ ಅಗಲವಾಗಿ ಕತ್ತರಿಸಿ ತೆಗೆಯಬೇಕು, ತಡ ಮಾಡಬಾರದು ಎಂದರು ಡಾಕ್ಟರು.

ಅವ್ವೆ ಸೆರಗಿನಿಂದ ಕೈ ಮುಚ್ಚಿಕೊಂಡಳು. "ಸತ್ತಮೇಲೆ ಹಿರಿಯರು ನಮ್ಮ ಕೈ ನೋಡೀರು. ಹಚ್ಚೆ ಇಲ್ಲದವಳ ಒಳಗೆ ಬಿಡಾರು. ನಾನು ಏನ ತೋರಿಸಲಿ?"

"ಸಾಯೋದು ಬೇಡ ಅಂತಾನೆ ಅಲ್ವಾ ಅಮ್ಮಾ ಹೇಳ್ತಿರೋದು?" ಎಂದರು ಡಾಕ್ಟರು.

"ನೀವೂ ಸಾಯೀರಿ, ಸಾಮಿ. ನಾನೂ ಸಾಯೀನೆ. ಇವನೂ ಸಾಯ್ತಾನೆ," ಎಂದು ನನ್ನನ್ನೂ ಸೇರಿಸಿ ಎದ್ದುಬಿಟ್ಟಳು. ಅಲ್ಲಿ ಅವಳನ್ನು ಎತ್ತಿ ಕೂರಿಸುವಷ್ಟು ಬಲ ನನ್ನ ತೋಳಿನಲ್ಲಿತ್ತು. ಆದರೆ ಅವಳ ಕೈ ಅವಳದ್ದು. ಲಾರಿ ಹತ್ತಿಸಿದೆ.

ಮುಂದಿನ ಬೆಳೆ ಕೀಳುವ ಹೊತ್ತಿಗೆ ಚುಕ್ಕಿ ಗಂಟಾಗಿತ್ತು. ಈ ಸಲ ನೋಯುತ್ತದೆ ಎಂದು ಅವಳೇ ಹೊರಟಳು. ಡಾಕ್ಟರು ಹೊಸ ಪಟ ತೆಗೆದು ಹಳೆಯದರ ಪಕ್ಕದಲ್ಲಿಟ್ಟರು. ಆಮೇಲೆ ಒಂದರ ಮೇಲೆ ಇನ್ನೊಂದನ್ನು ಕೂರಿಸಿದರು. ಹಳೆಯ ಹಸಿರು ಗೆರೆ ಹೊಸ ಗೆರೆಯ ಒಳಗೆ ಎಲ್ಲೋ ಇತ್ತು. ಅವ್ವೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅಳತೆ ಅವಳಿಗೆ ತಿಳಿಯದು. ಹಚ್ಚೆ ತಿಳಿಯುತ್ತದೆ.

"ಇಲ್ಲಿ ಒಂದು ಚುಕ್ಕಿ ಇತ್ತಲ್ಲ? ಸುತ್ತಿನ ಪಕ್ಕ? ಹಳೇ ಪಟದಲ್ಲಿ ಇದೆ. ಹೊಸ ಪಟದಲ್ಲಿ ಎಲ್ಲಿ?"

"ಗಂಟಿನ ಕೆಳಗೆ ಹೋಯ್ತು, ಅಮ್ಮಾ."

"ಈ ನಾಯಿ ನನ ಹಚ್ಚೆ ತಿಂತಾ ಇದೆ," ಎಂದಳು ಅವ್ವೆ. "ಕೊಯ್ಯಿರಿ. ಆದರೆ ಆ ಮೊದಲ ಪಟ ನನಗೆ ಕೊಡಬೇಕು."

ಡಾಕ್ಟರು ಎರಡನ್ನೂ ಅಚ್ಚುಹಾಕಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವಳ ಕಂಕುಳನ್ನು ಒತ್ತಿ ನೋಡಿದರು. ಅಲ್ಲೊಂದು ಗಂಟು ಸಿಕ್ಕಿತು. ಅವರು ನನ್ನ ಮುಖ ನೋಡಿದಾಗಲೇ ರೋಗ ಒಳಗೂ ಹರಡಿದೆ ಎಂದು ನನಗೆ ಗೊತ್ತಾಯಿತು.

ಕೊಯ್ದರು. ತೊಡೆಯ ಚರ್ಮ ತಂದು ಕೈಗೆ ಹೊಲಿದರು. ಅಲ್ಲಿ ಯಾವ ಗುರುತೂ ಇಲ್ಲದ ನುಣ್ಣನೆಯ ತೇಪೆ ಉಳಿಯಿತು. ಅವ್ವೆ ಅದನ್ನು ತನ್ನ ಕೈ ಎಂದು ಒಪ್ಪಲೇ ಇಲ್ಲ. ಊಟವನ್ನೂ ಎಡಗೈಯಲ್ಲಿ ಮಾಡತೊಡಗಿದಳು. ಮರುವರ್ಷದ ಮಂಜು ಬೀಳುವ ಕಾಲದಲ್ಲಿ ಹೋದಳು.

ಮಣ್ಣಿಗಿಡುವ ಮುಂಚೆ ನಾನು ಮೊದಲ ಪಟವನ್ನು ಅವಳ ಬಲಗೈಗೆ ಬಟ್ಟೆಯಿಂದ ಕಟ್ಟಿದೆ. ದೊಡ್ಡಪ್ಪ ಬಗ್ಗಿ ನೋಡಿದ.

"ಇದೇನ ಹೊಲದ ಪಟವಾ? ಸತ್ತವಳಿಗೆ ಪಟ್ಟಾ ಕೊಡ್ತೀಯಾ?"

"ಅವಳ ಕೈ, ದೊಡ್ಡಪ್ಪಾ."

ಅವನು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಸುತ್ತಿನ ಗೆರೆ ಸಿಕ್ಕಿರಬೇಕು. ಗಂಟನ್ನು ಇನ್ನೊಂದು ಸಲ ಬಿಗಿದು ಕಟ್ಟಿದವನು ಅವನೇ.

ಆದರೆ ಆ ಪಟದಲ್ಲೂ ಆ ರೋಗದ ಚುಕ್ಕಿ ಇದೆ, ಹಸಿರು ಗೆರೆಯ ಒಳಗೆ. ಹಿರಿಯರು ಅದನ್ನೂ ಹಚ್ಚೆ ಎಂದೇ ತಿಳಿದುಕೊಳ್ಳಲಿ.

ಈಗ ನನಗಿರುವುದು ಒಂದೆಕರೆ ಕ್ಯಾರೆಟ್ ಹೊಲ, ಅರ್ಧ ಎಕರೆ ಟೀ, ನಾನೇ ಕಟ್ಟಿದ ಮನೆ ಒಂದು, ಎಮ್ಮೆ ಎರಡು, ಮತ್ತು ಆ ಎರಡನೆಯ ಪಟ.