ಗ್ಯಾಸ್‌ಲೈಟು ದೇವಪ್ಪನೂ ಹಳ್ಳದ ಕರೆಂಟೂ

ಕಾಯ್ಕಿಣಿಯಿಂದ ಮೂಡಕ್ಕೆ, ಗುಡ್ಡದ ಬುಡದ ನಮ್ಮ ಕೇರಿಯಲ್ಲಿ ಕತ್ತಲೆಗಿದ್ದ ಶತ್ರು ಒಬ್ಬನೇ: ದೇವಪ್ಪ. ಬಾಡಿಗೆಗೆ ಕೊಡುವ ಐದು ಗ್ಯಾಸ್‌ಲೈಟುಗಳು ಅವನ ಸೈನ್ಯ. ಮದುವೆ ಮನೆಯಲ್ಲಿ ಅವನು ದೀಪಕ್ಕೆ ಗಾಳಿ ಹೊಡೆಯಲು ಕೂತರೆ, ಮದುಮಗನನ್ನು ನೋಡುತ್ತಿದ್ದವರೂ ಇತ್ತ ತಿರುಗುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಈ ಸಾಮ್ರಾಜ್ಯಕ್ಕೆ ಕುತ್ತು ಬಂತು. ಊರ ಹಳ್ಳದ ನೀರನ್ನು ಮೇಲಿಂದ ಕೊಳವೆಯಲ್ಲಿ ಇಳಿಸಿ, ಚಕ್ರ ತಿರುಗಿಸಿ, ಸುತ್ತಲ ಕೇರಿಗಳಿಗೆ ಕರೆಂಟು ಕೊಡುವ ಪ್ರಸ್ತಾವವಂತೆ. ಮನೆಮನೆಗೆ ಬಲ್ಬು ಬಂದರೆ ಗ್ಯಾಸ್‌ಲೈಟನ್ನು ಕೇಳುವವರಾರು? ದೇವಪ್ಪ ಪ್ರಚಾರಕ್ಕಿಳಿದ. ಚಕ್ರಕ್ಕೆ ಸಿಕ್ಕ ಏಡಿಗಳು ಕಾಲಿಲ್ಲದೆ ಹೊರಬರುತ್ತವೆ ಎಂದ. ಸಾರಿನ ಏಡಿಗೆ ಕಾಲೇ ಇಲ್ಲದಿದ್ದರೆ ಚೀಪುವುದೇನನ್ನು? ಕೇರಿ ಗಂಭೀರವಾಯಿತು.

ಈ ಪ್ರಚಾರಕ್ಕೆ ಒಲಿಯದವಳು ಅವನ ಹೆಂಡತಿ ನಾಗಿ ಒಬ್ಬಳೇ. ಬಾಡಿಗೆಯ ದೀಪವನ್ನು ಮನೆಯಲ್ಲಿ ಉರಿಸುವುದು ದೇವಪ್ಪನ ಧರ್ಮಕ್ಕೆ ವಿರುದ್ಧವಾದ್ದರಿಂದ ಅವಳಿಗಿದ್ದದ್ದು ಹೊಗೆಯುಗುಳುವ ಚಿಮಣಿ ಬುಡ್ಡಿ.

ಒಂದು ದಿನ ಮುಸ್ಸಂಜೆಗೆ ಶಾಲೆಯ ಜಗಲಿಯಲ್ಲಿ ಸಭೆ. ಯೋಜನೆ ವಿವರಿಸಲು ಬಂದ ಇಂಜಿನಿಯರು ಶಾಂತಾರಾಮರಿಗೂ ದೇವಪ್ಪನದೇ ದೀಪ ಬೇಕಾಯಿತು. ಅವನು ತಂದಿಟ್ಟ; ಗಾಳಿ ಮಾತ್ರ ಹೊಡೆಯಲಿಲ್ಲ. ಭಾಷಣ ರಂಗೇರುತ್ತಿದ್ದಂತೆ ದೀಪ ಹಳದಿಯಾಗಿ, ಕೊನೆಗೆ ಶಾಂತಾರಾಮರ ಕನ್ನಡಕವಷ್ಟೇ ಉಳಿಯಿತು. ಆಗ ದೇವಪ್ಪ ಕೊನೆಯ ಬಾಣ ಬಿಟ್ಟ.

"ಸಾಹೇಬ್ರೆ, ಬೇಸಗೇಲಿ ನಮ್ಮ ಹಳ್ಳದಲ್ಲಿ ಕೊಡ ಮುಳುಗೂದಿಲ್ಲ. ಆವಾಗ ಎಂತ ಮಾಡ್ತ್ರಿ?"

ಶಾಂತಾರಾಮರು ಮುಚ್ಚುಮರೆ ಮಾಡಲಿಲ್ಲ. ಅಣೆಕಟ್ಟು ಕಟ್ಟಿ ನೀರು ಕೂಡಿಡುವ ಯೋಜನೆ ಇದಲ್ಲ, ಹರಿದಷ್ಟು ನೀರಿಗೆ ಅಷ್ಟೇ ಕರೆಂಟು ಎಂದರು. "ಮಳೆಗಾಲದಲ್ಲಿ ಭರ್ತಿ. ಶಿವರಾತ್ರಿ ಕಳೆದ್ರೆ ಮುಂದಿನ ಮಳೆ ತನಕ ಮಷೀನು ಬಂದ್."

ದೇವಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೇರಿಯ ಮದುವೆಗಳೆಲ್ಲ ನಡೆಯುವುದೇ ಶಿವರಾತ್ರಿ ಕಳೆದ ಮೇಲೆ. ಮಳೆಗಾಲದಲ್ಲಿ ಅವನ ಸೈನ್ಯ ಹೇಗೂ ಅಟ್ಟದ ಮೇಲೆ ನಿದ್ದೆ ಮಾಡುತ್ತದೆ. ಮಳೆಗಾಲವಿಡೀ ಬಲ್ಬಿಗೆ ಒಗ್ಗಿದ ಕಣ್ಣುಗಳಿಗೆ ಬೇಸಗೆಯ ಮದುವೆಯಲ್ಲಿ ಒಂದರ ಬದಲು ಎರಡು ಗ್ಯಾಸ್‌ಲೈಟು ಬೇಕಾದೀತು. ಮರುಕ್ಷಣ ಅವನು ದೀಪದ ಮೇಲೆ ಬಿದ್ದು ಗಾಳಿ ಹೊಡೆದ ರಭಸಕ್ಕೆ ಮಾಡಿನ ಜೇಡನೂ ಕಣ್ಣು ಮುಚ್ಚಿರಬೇಕು. ಯೋಜನೆ ಬೇಕೆಂದು ಮೊದಲು ಕೈ ಎತ್ತಿದವನೂ ಅವನೇ. ಏಡಿಗಳ ಗತಿಯೇನೆಂದು ಯಾರೋ ಕೇಳಿದರೆ, ಕೊಳವೆಯ ಬಾಯಿಗೊಂದು ಜಾಳಿಗೆ ಹಾಕಿದರಾಯಿತು ಎಂದುಬಿಟ್ಟ.

"ಮೊದಲ ಕಂಬ ನಮ್ಮನೆ ಎದುರಿಗೆ ಆಗ್ಲಿ, ಸಾಹೇಬ್ರೆ."

"ಹಾಕ್ಸಿ," ಎಂದಳು ನಾಗಿ ಹಿಂದಿನಿಂದ. "ಮಳೆಗಾಲದಲ್ಲಾದ್ರೂ ಇವ್ರ ಮುಖ ಸಮಾ ಕಾಣ್ಲಿ."

ಮರುದಿನವೇ ದೇವಪ್ಪ ಹೊನ್ನಾವರದ ಬಸ್ಸು ಹತ್ತಿ ಆರನೆಯ ಗ್ಯಾಸ್‌ಲೈಟು ತಂದ. ಎಂಬತ್ತೈದು ಬಂದರೂ ಯೋಜನೆ ಕಾಗದದಲ್ಲೇ ಹರಿಯುತ್ತಿತ್ತು. ಬೇಗ ಮಾಡಿ ಎಂದು ಭಟ್ಕಳದ ಕಚೇರಿಗೆ ಚಪ್ಪಲಿ ಸವೆಸುತ್ತಿದ್ದವನು ಮಾತ್ರ ದೇವಪ್ಪನೊಬ್ಬನೇ.